ಆಳಂದ ತಾಲ್ಲೂಕಿನ ಮೆಟ್ಟಿಲುಬಾವಿ: ಕಡತ ಮರಳಿ ಬಂದದ್ದೇಕೆ

ಮೆಟ್ಟಿಲುಬಾವಿಯನ್ನು ಸರ್ಕಾರ ಸ್ವಾಧೀನಕ್ಕೆ ತೆಗೆದುಕೊಳ್ಳಲಿ ಎಂದು ಕಳಿಸಿದ ಕಡತ, ಪಂಚಾಯಿತಿಯ ಠರಾವು ಇದ್ದರೂ ಮರಳಿದ್ದೇಕೆ ಎಂದು ಕೇಳಿದ್ದೀರಿ. ಅದಕ್ಕೆ ಬಹುಶಃ ಪಹಣಿಯಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿನ ಖಾಸಗಿ ಹೆಸರೇ ಕಾರಣ. ಪಹಣಿ ನೋಡದೆ ಖಚಿತವಾಗಿ ಹೇಳಲಾರೆ. ಠರಾವೊಂದರಿಂದಲೇ ಎಲ್ಲವೂ ಆಗುತ್ತದೆಂಬ ನಂಬಿಕೆ ನಮ್ಮ ಕಡೆ ತುಸು ಹೆಚ್ಚು.

ಮೊದಲು ಸರ್ವೆ ಮಾಡಿಸಿ, ಬಾವಿಯ ಮೆಟ್ಟಿಲುಗಳೂ ಪಕ್ಕದ ಶಾಸನಕಲ್ಲೂ ಸರ್ವೆ ನಂಬರಿನ ಯಾವ ಹಿಸ್ಸಾದೊಳಗೆ (ಉಪಭಾಗದೊಳಗೆ) ಬೀಳುತ್ತವೆ ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿಸಿಕೊಳ್ಳಿ. ಬಳಿಕ ನಕ್ಷೆ, ಪಹಣಿ, ಛಾಯಾಚಿತ್ರಗಳನ್ನು ಲಗತ್ತಿಸಿ, ಸ್ವಾಧೀನದ ಬದಲು 1961ರ ರಾಜ್ಯ ಸ್ಮಾರಕ ಕಾಯ್ದೆಯಡಿ ಸಂರಕ್ಷಿತವೆಂದು ಘೋಷಿಸುವಂತೆ ಪುರಾತತ್ತ್ವ ಇಲಾಖೆಯ ಆಯುಕ್ತರಿಗೆ ಮನವಿ ಸಲ್ಲಿಸಿ, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕೊಡಿ. ಪ್ರಾಥಮಿಕ ಅಧಿಸೂಚನೆಯ ನಂತರ ಆಕ್ಷೇಪಣೆಗೆ ಎರಡು ತಿಂಗಳ ಅವಕಾಶವಿರುತ್ತದೆ. ಅಂತಿಮ ಘೋಷಣೆಯಾದರೂ ಅದರಿಂದಲೇ ಮಾಲೀಕತ್ವ ಬದಲಾಗದು. ಜಮೀನೇ ಸರ್ಕಾರಕ್ಕೆ ಸೇರಬೇಕೆಂದರೆ, 2013ರ ಭೂಸ್ವಾಧೀನ ಕಾಯ್ದೆಯ ದೀರ್ಘ ದಾರಿಗಿಂತ ದಾನ ಅಥವಾ ಖರೀದಿ ಸುಲಭವಾದ್ದರಿಂದ, ಮಾಲೀಕರ ಲಿಖಿತ ಒಪ್ಪಿಗೆಯನ್ನು ಈಗಲೇ ಪಡೆದು ಮನವಿಯೊಂದಿಗೆ ಸೇರಿಸಿ.