ಮಾಂಸವನ್ನೇ ಕಳುಹಿಸಬಹುದಾದಾಗ ಜೀವಂತ ಕುರಿಯನ್ನೇಕೆ ಹಡಗು ಹತ್ತಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮಾಂಸವನ್ನು ಹೆಪ್ಪುಗಟ್ಟಿಸಿ ಕಳುಹಿಸುವ ಅನುಕೂಲವಿರುವಾಗ ದನ, ಕುರಿಗಳನ್ನು ಜೀವಂತವಾಗಿ ಸಮುದ್ರ ದಾಟಿಸುವುದೇಕೆ, ಮತ್ತು ಒಂದು ದೇಶ ಅದನ್ನು ನಿಲ್ಲಿಸಿದರೆ ಇನ್ನೊಂದು ದೇಶ ಆ ವ್ಯಾಪಾರವನ್ನು ಎತ್ತಿಕೊಳ್ಳುವುದಾದರೆ ನಿಷೇಧದಿಂದ ಯಾರಿಗೆ ಏನು ಸಿಕ್ಕಿತು? ಉತ್ತರಿಸುವ ಮೊದಲು ನನ್ನ ನೆಲೆಯನ್ನು ಹೇಳಿಬಿಡುತ್ತೇನೆ. ನಾನು ಮಾಂಸ ತಿನ್ನುವವನು. ಪ್ರಾಣಿಯನ್ನು ಕೊಲ್ಲುವುದೇ ತಪ್ಪು ಎನ್ನುವವರಿಗೆ ಈ ಚರ್ಚೆಯ ಅಗತ್ಯವೇ ಇಲ್ಲ. ಕೊಲ್ಲುವುದನ್ನು ಒಪ್ಪಿಯೂ ಕೊಲ್ಲುವ ಮುನ್ನ ಮೂರು ವಾರ ಕಡಲಿನಲ್ಲಿ ಅಲೆಸುವುದನ್ನು ಒಪ್ಪಬಹುದೇ ಎಂದು ಕೇಳಿಕೊಳ್ಳಬೇಕಾದವರು ನನ್ನಂಥವರು.

ಹೆಪ್ಪುಗಟ್ಟಿಸಿದ ಮಾಂಸದ ಸಾಗಣೆ ನಿನ್ನೆ ಮೊನ್ನೆಯದಲ್ಲ. 1882ರ ಫೆಬ್ರವರಿಯಲ್ಲಿ ಡುನೆಡಿನ್ ಎಂಬ ಹಾಯಿಹಡಗು ಸುಮಾರು 5,000 ಕುರಿ ಮತ್ತು ಕುರಿಮರಿಗಳ ಮಾಂಸವನ್ನು ಹೊತ್ತು ನ್ಯೂಜಿಲೆಂಡಿನಿಂದ ಹೊರಟು, ಮೂರು ತಿಂಗಳಿಗೂ ಹೆಚ್ಚು ಕಾಲ ಪಯಣಿಸಿ ಲಂಡನ್ ತಲುಪಿದಾಗ, ಕೆಟ್ಟಿದೆಯೆಂದು ತೆಗೆದುಹಾಕಿದ್ದು ಒಂದೇ ಒಂದು ಕುರಿಯ ಮಾಂಸವನ್ನು. ಅಂದರೆ ತಂತ್ರಜ್ಞಾನದ ಸಮಸ್ಯೆ ನೂರನಲವತ್ತು ವರ್ಷಗಳ ಹಿಂದೆಯೇ ಬಗೆಹರಿದಿತ್ತು. ಆದರೂ ಜೀವಂತ ಪಶುಗಳ ವ್ಯಾಪಾರ ಉಳಿದುಕೊಂಡಿದೆ ಎಂದರೆ ಅದಕ್ಕೆ ಕಾರಣವನ್ನು ಹಡಗಿನಲ್ಲಲ್ಲ, ಹಡಗಿನ ಎರಡೂ ತುದಿಗಳಲ್ಲಿ ಹುಡುಕಬೇಕು.

ಕೊಳ್ಳುವವರ ತುದಿಯಲ್ಲಿ ಕಾರಣಗಳು ಹಲವು. ಬಂದರಿನಿಂದ ಅಂಗಡಿಯವರೆಗೆ ಶೈತ್ಯ ವ್ಯವಸ್ಥೆ ಇಲ್ಲದ ಕಡೆ ಬೆಳಿಗ್ಗೆ ಕಡಿದು ಸಂಜೆಯೊಳಗೆ ಮಾರಿ ಮುಗಿಸುವ ಮಾಂಸವೇ ಸುರಕ್ಷಿತ. ಜೀವಂತ ಪಶು ಬಂದರೆ ಚರ್ಮ, ಕರುಳು, ತಲೆ, ಕಾಲು ಎಲ್ಲವೂ ಅಲ್ಲೇ ಉಳಿದು, ಕಡಿಯುವವನಿಂದ ಚರ್ಮ ಹದ ಮಾಡುವವನವರೆಗೆ ಅಲ್ಲಿನವರಿಗೇ ಕೆಲಸ ಸಿಗುತ್ತದೆ. ಮಾಂಸವಾಗಿ ಬಂದರೆ ಆ ಸಂಪಾದನೆಯೆಲ್ಲ ಕಳುಹಿಸಿದ ದೇಶದ ಪಾಲು. ಇಂಡೊನೇಷ್ಯಾ ಉತ್ತರ ಆಸ್ಟ್ರೇಲಿಯದಿಂದ ಎಳೆಯ ರಾಸುಗಳನ್ನು ತರಿಸಿ, ತನ್ನಲ್ಲಿ ಅಗ್ಗವಾಗಿ ಸಿಗುವ ಕೃಷಿ ಉಳಿಕೆಗಳನ್ನು ತಿನ್ನಿಸಿ ಕೆಲವು ತಿಂಗಳು ಕೊಬ್ಬಿಸಿ ಆಮೇಲೆ ಕಡಿಯುತ್ತದೆ. ಇದನ್ನು ಮೂರ್ಖತನ ಎನ್ನಲಾಗದು. ಹಬ್ಬದ ಬಲಿಗೆ ಜೀವಂತ ಪ್ರಾಣಿಯೇ ಬೇಕೆಂಬುದೂ ನಿಜ. ಇಲ್ಲಿ ಒಂದು ಮಾತು ನೆನಪಾಗುತ್ತದೆ: ಹಜ್ ಯಾತ್ರೆಯಲ್ಲಿ ಬಲಿಯಾದ ಪ್ರಾಣಿಗಳ ಮಾಂಸ ವ್ಯರ್ಥವಾಗದಂತೆ ಅದನ್ನು ಹೆಪ್ಪುಗಟ್ಟಿಸಿ ಹಲವು ದೇಶಗಳ ಬಡವರಿಗೆ ತಲುಪಿಸುವ ಯೋಜನೆಯೊಂದನ್ನು ಸೌದಿ ಅರೇಬಿಯ 1983ರಿಂದ ನಡೆಸುತ್ತ ಬಂದಿದೆ. ಒಳ್ಳೆಯ ಕೆಲಸ, ಆದರೆ ಜೀವಂತವಾಗಿ ಕಡಲು ದಾಟಿ ಬಂದದ್ದು ಮಾಂಸವಾಗಿ ಮತ್ತೆ ಕಡಲು ದಾಟಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮಾರುವವರ ತುದಿಗೆ ಆಸ್ಟ್ರೇಲಿಯದ ಪಶ್ಚಿಮ ಭಾಗವೇ ಸರಿಯಾದ ಉದಾಹರಣೆ. ಅಲ್ಲಿನ ರೈತ ಉಣ್ಣೆಗಾಗಿ ಕುರಿ ಸಾಕುತ್ತಾನೆ. ಮಳೆ ಕೈಕೊಟ್ಟು ಮೇವು ಮುಗಿದ ವರ್ಷ ಎಲ್ಲರೂ ಒಟ್ಟಿಗೆ ಮಂದೆ ಕರಗಿಸಲು ಹೊರಡುತ್ತಾರೆ. ಆಗ ಸುತ್ತಲಿನ ಕೆಲವೇ ಕಸಾಯಿಖಾನೆಗಳು ಹೇಳಿದ್ದೇ ಬೆಲೆ. ಫ್ರೀಮ್ಯಾಂಟಲ್ ಬಂದರಿನಲ್ಲಿ ಹಡಗೊಂದು ನಿಂತಿದೆ ಎಂದರೆ ಇನ್ನೊಬ್ಬ ಗಿರಾಕಿ ಇದ್ದಾನೆ ಎಂದರ್ಥ. ಒಂದೂ ಕುರಿಯನ್ನು ಹಡಗಿಗೆ ಮಾರದ ರೈತನಿಗೂ ಆ ಹಡಗಿನಿಂದ ಲಾಭವಿದೆ, ಏಕೆಂದರೆ ಅದು ಬೆಲೆ ಕುಸಿಯದಂತೆ ತಡೆಯುತ್ತದೆ. ಆದ್ದರಿಂದ ಈ ವ್ಯಾಪಾರ ಚಿಕ್ಕದಾಗುತ್ತ ಬಂದಿದೆ ಎಂಬ ಅಂಕಿ ಅಂಶವೊಂದರಿಂದ ರೈತನ ವಾದವನ್ನು ತಳ್ಳಿಹಾಕಲಾಗದು. ಅಂಕಿ ಮಾತ್ರ ಸ್ಪಷ್ಟವಾಗಿದೆ: ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಕುರಿಗಳು ಆಸ್ಟ್ರೇಲಿಯದಿಂದ ಹಡಗು ಹತ್ತುತ್ತಿದ್ದವು, 2022–23ರಲ್ಲಿ ಅದು ಆರೂವರೆ ಲಕ್ಷಕ್ಕೆ ಇಳಿದು, ವ್ಯಾಪಾರದ ಮೌಲ್ಯ ಸುಮಾರು 7.7 ಕೋಟಿ ಆಸ್ಟ್ರೇಲಿಯನ್ ಡಾಲರಿನಷ್ಟಾಯಿತು. ಅದೇ ವರ್ಷ ಆ ದೇಶದ ಕುರಿಮಾಂಸದ ರಫ್ತು ಸುಮಾರು 450 ಕೋಟಿ ಡಾಲರಿನದು.

ಈಗ ಹಡಗಿನ ಒಳಗೆ ಬರೋಣ. ವ್ಯಾಪಾರಸ್ಥರು ಯಾವಾಗಲೂ ಮುಂದಿಡುವುದು ಸಾವಿನ ಪ್ರಮಾಣವನ್ನು: ನೂರಕ್ಕೆ ತೊಂಬತ್ತೊಂಬತ್ತು ಕುರಿಗಳು ಜೀವಂತವಾಗಿ ತಲುಪುತ್ತವೆ, ಇನ್ನೇನು ಬೇಕು? 2017ರ ಆಗಸ್ಟಿನಲ್ಲಿ ಅವಾಸ್ಸಿ ಎಕ್ಸ್‌ಪ್ರೆಸ್ ಎಂಬ ಹಡಗು ಸುಮಾರು 64,000 ಕುರಿಗಳೊಂದಿಗೆ ಫ್ರೀಮ್ಯಾಂಟಲ್‌ನಿಂದ ಪರ್ಷಿಯನ್ ಕೊಲ್ಲಿಗೆ ಹೋದಾಗ ಸುಮಾರು 2,400 ಕುರಿಗಳು ಸೆಖೆಗೆ ಸತ್ತವು. ಹಡಗಿನಲ್ಲಿದ್ದ ಒಬ್ಬ ತರುಣ ನಾವಿಕ ಚಿತ್ರೀಕರಿಸಿದ ದೃಶ್ಯಗಳು 2018ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಟಿ.ವಿ.ಯಲ್ಲಿ ಬಂದ ಮೇಲೆಯೇ ಜನ ಬೆಚ್ಚಿದ್ದು. ನನ್ನನ್ನು ಕಾಡುವುದು ಆ 2,400ಕ್ಕಿಂತ ಹೆಚ್ಚಾಗಿ ಉಳಿದ ಅರವತ್ತೊಂದು ಸಾವಿರ. ಅವು ಅದೇ ಅಟ್ಟಗಳಲ್ಲಿ, ತಮ್ಮದೇ ಹಿಕ್ಕೆ ಮತ್ತು ಮೂತ್ರ ಕಲೆತು ಕೆಸರಾದ ನೆಲದ ಮೇಲೆ, ಅದೇ ಸೆಖೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತ ನಿಂತಿದ್ದವು, ಸಾಯಲಿಲ್ಲ, ಅಷ್ಟೇ. ಲೆಕ್ಕದ ಪುಸ್ತಕದಲ್ಲಿ ಅವು ಯಶಸ್ವಿ ರವಾನೆ.

ಇದು ಒಂದು ಹಡಗಿನ ಅಚಾತುರ್ಯವೂ ಅಲ್ಲ. ಇಂಥ ಹಡಗಿನ ಫ್ಯಾನುಗಳು ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತವೆಯೇ ಹೊರತು ಅದನ್ನು ತಂಪು ಮಾಡುವುದಿಲ್ಲ. ಆಗ್ನೇಯ ಹಿಂದೂ ಮಹಾಸಾಗರದ ಚಳಿಗಾಲಕ್ಕೆ ಹೊಂದಿಕೊಂಡು ಉಣ್ಣೆ ಹೊದ್ದ ಪ್ರಾಣಿಯನ್ನು ಎರಡು ವಾರಗಳಲ್ಲಿ ಸಮಭಾಜಕ ವೃತ್ತ ದಾಟಿಸಿ, ಭೂಮಿಯ ಮೇಲೆ ಸೆಖೆ ಅತಿ ಹೆಚ್ಚಿರುವ ಕೊಲ್ಲಿಗೆ ಕಡುಬೇಸಿಗೆಯಲ್ಲಿ ತಂದು ನಿಲ್ಲಿಸಿದರೆ, ಏದುಸಿರಿನ ಮೂಲಕ ಮೈಯ ಬಿಸಿ ಕಳೆದುಕೊಳ್ಳುವ ಕುರಿಗೆ ಆ ತೇವಭರಿತ ಗಾಳಿಯಲ್ಲಿ ಬಿಸಿ ಬಿಡಲು ಜಾಗವೇ ಇರುವುದಿಲ್ಲ. ಪಕ್ಕದ ಸಾವಿರಾರು ಕುರಿಗಳ ಉಸಿರಿನ ತೇವವೂ ಅದಕ್ಕೆ ಸೇರುತ್ತದೆ. ಸೆಖೆಯಿಲ್ಲದ ಪಯಣದಲ್ಲೂ ಇನ್ನೊಂದು ಸಾವಿದೆ. ಹುಲ್ಲುಗಾವಲಿನಲ್ಲಿ ಬೆಳೆದ ಕೆಲವು ಕುರಿಗಳು ಹಡಗಿನಲ್ಲಿ ಕೊಡುವ ಗುಳಿಗೆಯಂಥ ಒಣ ಆಹಾರವನ್ನು ಮುಟ್ಟುವುದೇ ಇಲ್ಲ; ತೊಟ್ಟಿ ತುಂಬಿರುವಾಗಲೇ ಹಸಿದು, ಸಾಲ್ಮೊನೆಲ್ಲಾ ಸೋಂಕು ತಗುಲಿ ಸಾಯುತ್ತವೆ. ಆಸ್ಟ್ರೇಲಿಯ 2018ರಲ್ಲಿ ತನಿಖೆಗೆ ಒಳಪಡುವ ಸಾವಿನ ಮಿತಿಯನ್ನು ಕುರಿಗಳಿಗೆ ಶೇಕಡ 2ರಿಂದ 1ಕ್ಕೆ ಇಳಿಸಿತು. ನಂತರ ಕಡುಬೇಸಿಗೆಯ ತಿಂಗಳುಗಳಲ್ಲಿ ಕೊಲ್ಲಿಯ ಕಡೆಗೆ ಕುರಿ ಹಡಗು ಹೊರಡದಂತೆ ಮಾಡಿತು. ಸಾವು ಕಡಿಮೆಯಾಯಿತು ಎಂಬುದನ್ನು ಒಪ್ಪಬೇಕು.

ಆದರೆ ಸುಧಾರಣೆಯಿಂದ ಸರಿಹೋಗದ ಒಂದು ದೋಷ ಈ ವ್ಯಾಪಾರದ ಬುಡದಲ್ಲಿದೆ, ನನ್ನ ಉತ್ತರವೆಲ್ಲ ಅದರ ಮೇಲೆಯೇ ನಿಂತಿದೆ. ಜೀವಂತ ಸರಕು ಕಾಯಲಾರದು. ಮಾಂಸದ ಪೆಟ್ಟಿಗೆಯನ್ನು ಒಂದು ಬಂದರು ತಿರಸ್ಕರಿಸಿದರೆ ಅದು ಇನ್ನೊಂದು ಬಂದರಿನಲ್ಲಿ ತಿಂಗಳುಗಟ್ಟಲೆ ಬಿದ್ದಿರಬಹುದು; ಜಗಳ ವಕೀಲರದು. ಕುರಿಗೆ ಪ್ರತಿದಿನ ನೀರು, ಮೇವು ಬೇಕು, ಕಾಗದಪತ್ರದ ಜಗಳದ ಪ್ರತಿ ದಿನವನ್ನೂ ಅದು ಮೈಯಲ್ಲಿ ಭರಿಸುತ್ತದೆ. 2003ರಲ್ಲಿ ಕಾರ್ಮೊ ಎಕ್ಸ್‌ಪ್ರೆಸ್ ಹಡಗಿನ ಸುಮಾರು 57,000 ಕುರಿಗಳನ್ನು, ತುಟಿಯ ಸುತ್ತ ಹುರುಪೆ ಹುಣ್ಣಾಗುವ ರೋಗ ಮಿತಿ ಮೀರಿದೆ ಎಂದು ಸೌದಿ ಅರೇಬಿಯ ತಿರಸ್ಕರಿಸಿತು. ಬೇರೆ ಯಾವ ದೇಶವೂ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಆಸ್ಟ್ರೇಲಿಯ ಸರ್ಕಾರವೇ ಅವುಗಳನ್ನು ಕೊಂಡು, ಜೊತೆಗೆ ಮೇವನ್ನೂ ಹಣವನ್ನೂ ಕೊಟ್ಟು ಎರಿಟ್ರಿಯದಲ್ಲಿ ಇಳಿಸುವ ಹೊತ್ತಿಗೆ ಎರಡೂವರೆ ತಿಂಗಳು ಕಳೆದು 5,000ಕ್ಕೂ ಹೆಚ್ಚು ಕುರಿಗಳು ಸತ್ತಿದ್ದವು. 2012ರಲ್ಲಿ ಬಹರೇನ್ ತಿರಸ್ಕರಿಸಿದ ಸುಮಾರು 21,000 ಕುರಿಗಳು ಕರಾಚಿಯಲ್ಲಿ ಇಳಿದು, ರೋಗವಿದೆ, ಇಲ್ಲ ಎಂಬ ವಾದದ ನಡುವೆಯೇ ಸಾಮೂಹಿಕವಾಗಿ ಕೊಲ್ಲಲ್ಪಟ್ಟವು. 2020ರ ಡಿಸೆಂಬರಿನಲ್ಲಿ ಸ್ಪೇನ್‌ನಿಂದ ಹೊರಟ ಕರೀಮ್ ಅಲ್ಲಾ ಮತ್ತು ಎಲ್‌ಬೇಕ್ ಎಂಬ ಎರಡು ಹಡಗುಗಳ 2,600ಕ್ಕೂ ಹೆಚ್ಚು ರಾಸುಗಳು, ನೀಲಿ ನಾಲಿಗೆ ರೋಗದ ಶಂಕೆಯಿಂದ ಎಲ್ಲಿಯೂ ಇಳಿಯಲಾಗದೆ ಮೆಡಿಟರೇನಿಯನ್ ಸುತ್ತಿ, ಸುಮಾರು ಮೂರು ತಿಂಗಳೊಳಗೆ ಸ್ಪೇನ್‌ನ ಕಾರ್ಟಜೀನಾ ಬಂದರಿಗೆ ಮರಳಿದವು. ಬದುಕುಳಿದವನ್ನು ಅಲ್ಲೇ ಕೊಂದರು. ಒಬ್ಬರೂ ಅವುಗಳ ಮಾಂಸ ತಿನ್ನಲಿಲ್ಲ. ಪಶುಗಳ ರಕ್ಷಣೆಯ ನಿಯಮಗಳು ಯುರೋಪಿನ ಒಕ್ಕೂಟದ ಗಡಿಯಾಚೆಗೂ, ಪಯಣ ಮುಗಿಯುವವರೆಗೂ ಅನ್ವಯಿಸುತ್ತವೆ ಎಂದು ಯುರೋಪಿನ ನ್ಯಾಯಾಲಯ 2015ರಲ್ಲೇ ಹೇಳಿತ್ತು ಎಂಬುದನ್ನು ನೆನೆದರೆ ಕಾಗದಕ್ಕೂ ಕಡಲಿಗೂ ಇರುವ ದೂರ ತಿಳಿಯುತ್ತದೆ.

ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಲಾಭ ಮಾರುವವನಿಗೂ ಕೊಳ್ಳುವವನಿಗೂ ಹಂಚಿಹೋಗುತ್ತದೆ, ಹಡಗು ಮುಳುಗಿದರೆ ಹಣದ ನಷ್ಟವನ್ನು ವಿಮೆ ತುಂಬಿಕೊಡಬಹುದು, ಉಳಿದ ವೆಚ್ಚವನ್ನು ಯಾವ ಕರಾರಿಗೂ ಸಹಿ ಹಾಕದ ಪ್ರಾಣಿ ಹೊರುತ್ತದೆ. ಕೆಲವೊಮ್ಮೆ ನಾವಿಕರೂ ಹೊರುತ್ತಾರೆ, ಇದನ್ನು ಮರೆಯುವವರೇ ಹೆಚ್ಚು. 2020ರ ಸೆಪ್ಟೆಂಬರಿನಲ್ಲಿ ಗಲ್ಫ್ ಲೈವ್‌ಸ್ಟಾಕ್ 1 ಜಪಾನಿನ ಬಳಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದಾಗ ಸುಮಾರು 5,900 ದನಗಳ ಜೊತೆ ಅದರಲ್ಲಿದ್ದ 43 ಮಂದಿಯಲ್ಲಿ ಬದುಕುಳಿದವರು ಇಬ್ಬರೇ. ಅದು ಮೊದಲು ಕಂಟೇನರ್ ಸಾಗಿಸುತ್ತಿದ್ದು ನಂತರ ಪಶು ಸಾಗಣೆಗೆ ಮಾರ್ಪಟ್ಟ ಹಡಗು. ಬೇರೆ ಕೆಲಸದಿಂದ ಹೀಗೆ ಬಂದ ಹಡಗುಗಳು ಈ ವ್ಯಾಪಾರದಲ್ಲಿ ಬಹಳ.

ಇನ್ನು ನಿಮ್ಮ ಕಠಿಣ ಪ್ರಶ್ನೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಾರೆ ಎಂಬುದು ಸುಳ್ಳಲ್ಲ. ತನ್ನ ಪಶುಗಳನ್ನು ಆಮದು ದೇಶದಲ್ಲಿ ಕಡಿಯುವ ಕ್ಷಣದವರೆಗೂ ರಫ್ತುದಾರನೇ ಹೊಣೆ ಎಂಬ ನಿಯಮವನ್ನು ಆಸ್ಟ್ರೇಲಿಯ ತಂದಾಗ ಸೌದಿ ಅರೇಬಿಯ ಅದನ್ನು ಒಪ್ಪದೆ, 2012ರ ನಂತರ ಬೇರೆಡೆಯಿಂದ ಕೊಂಡಿತು. 2019ರ ನವೆಂಬರಿನಲ್ಲಿ ರುಮೇನಿಯದ ಮಿಡಿಯಾ ಬಂದರಿನ ಬಳಿ ಮಗುಚಿದ ಕ್ವೀನ್ ಹಿಂದ್ ಹಡಗಿನಲ್ಲಿದ್ದ 14,600 ಕುರಿಗಳು, 2022ರ ಜೂನಿನಲ್ಲಿ ಸುಡಾನಿನ ಸುಆಕಿನ್ ಬಂದರಿನಲ್ಲಿ 9,000 ಕುರಿ ಹಿಡಿಸುವ ಹಡಗಿಗೆ ತುಂಬಿ ಮುಳುಗಿದ 15,000ಕ್ಕೂ ಹೆಚ್ಚು ಕುರಿಗಳು, ಎರಡೂ ಸೌದಿಗೆ ಹೊರಟವೇ. ನಿಯಮ ಪಾಲಿಸುವವನು ಹಿಂದೆ ಸರಿದಾಗ ನಿಯಮವಿಲ್ಲದವನು ಮುಂದೆ ಬಂದ ಎಂದು ಇದನ್ನು ಓದಬಹುದು, ಹಾಗೆ ಓದುವವರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಈ ವಾದ ಹೇಳುವುದು ಮಾರುಕಟ್ಟೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ನನ್ನ ಮಂದೆಗೆ ನಾನು ಏನು ಮಾಡಬಹುದು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಒಂದು ನಷ್ಟ ಮಾತ್ರ ನಿಜವಾದದ್ದು: ಮಾರುವುದನ್ನು ಬಿಟ್ಟ ದೇಶಕ್ಕೆ ಕೊಳ್ಳುವವರ ಕಸಾಯಿಖಾನೆಯ ಬಗ್ಗೆ ಮಾತನಾಡುವ ಬಲ ಇರುವುದಿಲ್ಲ.

ನಿಲ್ಲಿಸುವ ರೀತಿಯೂ ಮುಖ್ಯ. 2011ರ ಜೂನಿನಲ್ಲಿ ಇಂಡೊನೇಷ್ಯಾದ ಕಸಾಯಿಖಾನೆಗಳ ದೃಶ್ಯಗಳು ಪ್ರಸಾರವಾದ ಬೆನ್ನಲ್ಲೇ ಆಸ್ಟ್ರೇಲಿಯ ಅಲ್ಲಿಗೆ ದನಗಳ ರಫ್ತನ್ನು ಒಮ್ಮೆಲೇ ತಡೆಯಿತು. (ಆ ದೃಶ್ಯಗಳಲ್ಲಿ ಕಂಡ ಕೆಲವು ದನ ಬಿಗಿಯುವ ಪೆಟ್ಟಿಗೆಗಳನ್ನು ಆಸ್ಟ್ರೇಲಿಯದ ಪಶು ಉದ್ಯಮವೇ ಒದಗಿಸಿತ್ತು.) ತಡೆ ಇದ್ದದ್ದು ಸುಮಾರು ಒಂದು ತಿಂಗಳು. ಆದರೆ 350 ಕೆ.ಜಿ. ಮೀರಿದ ರಾಸನ್ನು ಇಂಡೊನೇಷ್ಯಾ ಕೊಳ್ಳುತ್ತಿರಲಿಲ್ಲವಾದ್ದರಿಂದ, ಕಾಯುತ್ತ ಬೆಳೆದ ದನಗಳಿಗೆ ಗಿರಾಕಿಯೇ ಇಲ್ಲವಾಯಿತು. ಆ ಆದೇಶ ಅಸಿಂಧು ಎಂದು ಫೆಡರಲ್ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಊರಿನ ಪಾಪಪ್ರಜ್ಞೆಗೆ ದಂಡ ಕಟ್ಟಿದವನು ದನಗಾಹಿ.

ಎಲ್ಲ ಜೀವಂತ ರಫ್ತೂ ಒಂದೇ ಎಂದು ನಾನು ಹೇಳುವುದಿಲ್ಲ. ಸೋಮಾಲಿ ಪಶುಪಾಲಕರ ಕುರಿ, ಮೇಕೆಗಳು ಬರ್ಬೆರಾ ಬಂದರಿನಿಂದ ಏಡನ್ ಕೊಲ್ಲಿಯ ಆಚೆ ದಡಕ್ಕೆ ದಾಟುವುದು ಕಡಿಮೆ ದಿನಗಳ ಪಯಣ, ಶೈತ್ಯಾಗಾರ ಕಟ್ಟಲು ಹಣವಿಲ್ಲದ ಆ ಜನರಿಗೆ ಮಂದೆಯೇ ಸಂಪತ್ತು. ರಿಫ್ಟ್ ವ್ಯಾಲಿ ಜ್ವರ ಎಂಬ ಪಶುರೋಗದ ಕಾರಣಕ್ಕೆ ಸೌದಿ ಅರೇಬಿಯ 2000ದಿಂದ 2009ರವರೆಗೆ ಅವರ ಪಶುಗಳನ್ನು ಕೊಳ್ಳದಿದ್ದಾಗ ಅವರಿಗೆ ದೊಡ್ಡ ಪೆಟ್ಟೇ ಬಿತ್ತು. ಮಾಂಸ ಸಂಸ್ಕರಣೆಯ ಎಲ್ಲ ಅನುಕೂಲ ಇರುವ ಶ್ರೀಮಂತ ದೇಶ, ಮೂರು ವಾರದ ದೂರಕ್ಕೆ, ಕಡಿಯುವುದಕ್ಕಾಗಿಯೇ ಪಶು ಕಳುಹಿಸುವುದು ಬೇರೆ ಮಾತು. ಅದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ. ತಳಿಗಾಗಿ ಕಳುಹಿಸುವ ಕಡಸುಗಳ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ತೂಗಾಡುತ್ತಿದೆ. ನ್ಯೂಜಿಲೆಂಡ್ 2023ರ ಏಪ್ರಿಲ್ 30ರಿಂದ ಅದನ್ನೂ ನಿಲ್ಲಿಸಿತು. ಆ ವರ್ಷದ ಕೊನೆಯಲ್ಲಿ ಬಂದ ಹೊಸ ಸರ್ಕಾರ ಮತ್ತೆ ಆರಂಭಿಸುವ ಮಾತಾಡಿತು. ಬ್ರಿಟನ್ 2024ರ ಮೇ ತಿಂಗಳಿನ ಕಾಯಿದೆಯಲ್ಲಿ ಕಡಿಯಲು ಮತ್ತು ಕೊಬ್ಬಿಸಲು ಕಳುಹಿಸುವುದನ್ನು ಮಾತ್ರ ನಿಷೇಧಿಸಿ, ತಳಿಯ ಪಶುಗಳನ್ನು ಬಿಟ್ಟಿತು. ಈ ಗೆರೆ ನನಗೆ ಹೆಚ್ಚು ಸರಿಯೆನಿಸುತ್ತದೆ.

ಆಸ್ಟ್ರೇಲಿಯ 2024ರಲ್ಲಿ ಮಾಡಿದ ಕಾನೂನಿನಂತೆ ಸಮುದ್ರ ಮಾರ್ಗದ ಜೀವಂತ ಕುರಿ ರಫ್ತು 2028ರ ಮೇ 1ರಂದು ನಿಲ್ಲಬೇಕು. ದನಗಳ ರಫ್ತಿಗೆ ಅದು ಕೈ ಹಾಕಿಲ್ಲ. 2011ರ ಪಾಠ ಕಲಿತಂತೆ ನಾಲ್ಕು ವರ್ಷ ಕಾಲಾವಕಾಶ ಕೊಟ್ಟಿದೆ, ಬದಲಾವಣೆಗೆಂದು ಮೊದಲು 10.7 ಕೋಟಿ ಡಾಲರ್ ತೆಗೆದಿಟ್ಟು ನಂತರ ಅದನ್ನು ಸುಮಾರು 14 ಕೋಟಿಗೆ ಏರಿಸಿದೆ. ಪಶ್ಚಿಮ ಆಸ್ಟ್ರೇಲಿಯದ ರೈತರು, ಉಣ್ಣೆ ಕತ್ತರಿಸುವವರು, ಲಾರಿಯವರು ಇದು ಸಾಲದು ಎನ್ನುತ್ತಿದ್ದಾರೆ. ಹಡಗು ಬಾರದ ಬರಗಾಲದ ವರ್ಷದಲ್ಲಿ ಅವರ ಮಂದೆಗೆ ಎರಡನೆಯ ಗಿರಾಕಿಯಾಗಿ ನಿಲ್ಲುವಷ್ಟು ಕಸಾಯಿಖಾನೆಗಳು 2028ರೊಳಗೆ ಅಲ್ಲಿ ಎದ್ದಿರುತ್ತವೆಯೇ ಎಂಬುದನ್ನು ನಾನು ಕಾದು ನೋಡುತ್ತಿದ್ದೇನೆ.