ಕ್ರೌನ್ ಆಯಿಲ್ ನೋಡಿದವರು ಯಾರು?

ಪ್ರಶ್ನೆ: 2013ರ ಫೋರ್‌ವೀಲ್ ಡ್ರೈವ್ ಥಾರ್ ಒಂದನ್ನು ಈಚೆಗೆ ಕೊಂಡೆ. ಮಾರಿದವರು ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಹೊಸದಾಗಿ ಹಾಕಿಸಿ ಕೊಟ್ಟಿದ್ದಾರೆ. ಮಳೆಗಾಲಕ್ಕೆ ಮೊದಲು ಬೇರೇನಾದರೂ ಮಾಡಿಸಬೇಕೆ? — ಕಾರ್ಕಳದ ಓದುಗರು

ಉತ್ತರ: ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಹತ್ತಿರ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ, ಪ್ರತಿ ಸಲವೂ ‘ಎಂಜಿನ್ ಆಯಿಲ್ ಆಗಿದೆ’ ಎಂಬ ಸಮಾಧಾನದೊಂದಿಗೇ ಬರುತ್ತದೆ. ಕೊಳ್ಳಲು ಬಂದವರು ಡಿಪ್‌ಸ್ಟಿಕ್ ಎಳೆದು ನೋಡುತ್ತಾರೆ ಎಂಬುದು ಮಾರುವವರಿಗೆ ಗೊತ್ತು. ಅದಕ್ಕಾಗಿಯೇ ಆ ಆಯಿಲ್ ಹೊಸದಾಗಿರುತ್ತದೆ. ಗಾಡಿಯ ಅಡಿಗೆ ನುಗ್ಗಿ ಕ್ರೌನ್ ಆಯಿಲ್, ಅಂದರೆ ಡಿಫರೆನ್ಷಿಯಲ್‌ನ ಆಯಿಲ್, ನೋಡುವವರು ಯಾರೂ ಇಲ್ಲ, ಹಾಗಾಗಿ ಅದನ್ನು ಬದಲಿಸುವವರೂ ಇಲ್ಲ.

ನಿಮ್ಮ ಗಾಡಿಯಲ್ಲಿ ಎಂಜಿನ್ ಬಿಟ್ಟು ಇನ್ನೂ ನಾಲ್ಕು ಕಡೆ ಆಯಿಲ್ ಇದೆ: ಗೇರ್‌ಬಾಕ್ಸ್, ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಅದನ್ನು ಎಡಬಲ ಚಕ್ರಗಳಿಗೆ ಹಂಚುವ ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಈ ನಾಲ್ಕನ್ನೂ ಬದಲಿಸಿದ ದಾಖಲೆ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಬಾಯಿಮಾತನ್ನು ನಾನು ದಾಖಲೆ ಎಂದು ಒಪ್ಪುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ನೀರು. ಗಾಡಿ ಓಡಿದಾಗ ಡಿಫರೆನ್ಷಿಯಲ್‌ನ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಹೋಗಲು ಮೇಲೆ ಬ್ರೀದರ್ ಎಂಬ ಸಣ್ಣ ಕಿಂಡಿ ಇದೆ. ಬಿಸಿ ಹೌಸಿಂಗ್ ಒಮ್ಮೆಲೇ ಹೊಳೆಗೋ ನೆರೆ ನಿಂತ ರಸ್ತೆಗೋ ಇಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಕೆಂಪು ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಆ ಎಳೆತ ಆಯಿಲ್ ಸೀಲುಗಳ ಮೇಲೆ ಬೀಳುತ್ತದೆ, ಸೀಲಿನ ಅಂಚಿನಿಂದ ನೀರು ಒಳಗೆ ಸೇರುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಶಬ್ದವೂ ಬರುವುದಿಲ್ಲ. ಶಬ್ದ ಬರುವ ಹೊತ್ತಿಗೆ ಬೇರಿಂಗ್ ತುಕ್ಕು ತಿಂದು, ಒಳಗಿನ ಕ್ರೌನ್-ಪಿನಿಯನ್ ಗೇರ್ ಜೋಡಿಯ ಹಲ್ಲುಗಳೂ ಹೋಗಿರುತ್ತವೆ. ಕೆಲವು ಲೀಟರ್ ಆಯಿಲ್‌ನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಇಡೀ ಡಿಫರೆನ್ಷಿಯಲ್ ಇಳಿಸಬೇಕಾಗುತ್ತದೆ.

ಗಾಡಿಯನ್ನು ಸ್ವಲ್ಪ ಓಡಿಸಿ, ಆಯಿಲ್ ಉಗುರುಬೆಚ್ಚಗಾದ ಮೇಲೆ ಸಮತಟ್ಟಾದ ಕಡೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗುವವರ ಜೊತೆ ನಾನು ಕೆಲಸ ಮಾಡುವುದಿಲ್ಲ, ನೀವೂ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಇರಲಿ. ಮೊದಲು ಆಯಿಲ್ ತುಂಬುವ ಬಿರಡೆಯನ್ನು ಸಡಿಲಿಸಿ, ಆಮೇಲೆ ಕೆಳಗಿನದನ್ನು. ಉಪ್ಪುಗಾಳಿಗೆ ಹಿಡಿದುಕೊಂಡ ಮೇಲಿನ ಬಿರಡೆ ಬಿಚ್ಚಲು ಬಾರದೆ, ಇದ್ದ ಆಯಿಲನ್ನೂ ಚೆಲ್ಲಿಕೊಂಡು, ಕೊನೆಗೆ ಗಾಡಿಯನ್ನು ಎಳೆಸಿಕೊಂಡು ಬಂದವರನ್ನು ಕಂಡಿದ್ದೇನೆ. ಹೊರಬಂದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪಗಿದ್ದರೆ ಹಳೆಯದು, ಅಷ್ಟೆ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಹೊಸ ಆಯಿಲ್ ತುಂಬಿ ಕೆಲವು ನೂರು ಕಿಲೋಮೀಟರ್ ಓಡಿಸಿ, ಅದನ್ನೂ ಚೆಲ್ಲಿ ಮತ್ತೆ ತುಂಬಬೇಕು. ಸೀಲು ಮತ್ತು ಬ್ರೀದರ್ ಪರೀಕ್ಷಿಸಬೇಕು. ಬಿರಡೆಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಬೂದುಬಣ್ಣದ ನುಣ್ಣನೆ ಹಿಟ್ಟು ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಚೂರುಗಳು ಸಹಜವಲ್ಲ, ಅವು ಸಿಕ್ಕರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಡಿಫರೆನ್ಷಿಯಲ್ ಬಿಚ್ಚಿಸಿ ನೋಡಿ.

ಇನ್ನು ‘90 ನಂಬರ್’ ಎಂದು ಒಂದೇ ಡಬ್ಬಿಯಿಂದ ನಾಲ್ಕೂ ಕಡೆ ಸುರಿಯುವ ಗ್ಯಾರೇಜುಗಳ ಬಗ್ಗೆ. ಇದು ಅಪರಾಧವೆಂದೇ ನನ್ನ ಅಭಿಪ್ರಾಯ. 90 ಎಂಬುದು ದಪ್ಪವನ್ನು ಮಾತ್ರ ಹೇಳುತ್ತದೆ. ಆಯಿಲ್‌ನ ದರ್ಜೆಯನ್ನು ಹೇಳುವುದು ಜಿಎಲ್ ಸಂಖ್ಯೆ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಅದನ್ನೇ ಹಾಕಿದರೆ ಅದರೊಳಗಿನ ಗಂಧಕದ ರಾಸಾಯನಿಕ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ಬಳೆಗಳನ್ನು ತಿನ್ನಬಹುದು. ಸರಪಳಿ ಇರುವ ಹಲವು ಟ್ರಾನ್ಸ್‌ಫರ್ ಕೇಸ್‌ಗಳಿಗಂತೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ತೆಳು ಆಯಿಲ್ ಬೇಕು. ಗಾಡಿಯ ಕೈಪಿಡಿಯಲ್ಲಿ ಇದೆಲ್ಲ ಬರೆದಿದೆ. ಅದನ್ನು ಓದದ ಮೆಕ್ಯಾನಿಕ್‌ಗೆ ಎಷ್ಟು ವರ್ಷದ ಅನುಭವವಿದ್ದರೂ ನಿಮ್ಮ ಗಾಡಿಯನ್ನು ಮುಟ್ಟಲು ಬಿಡಬೇಡಿ.

ಆಯಿಲ್ ಆದ ಮೇಲೆ ಬ್ರೀದರ್ ಬಿಚ್ಚಿ ತೊಳೆದು, ಸಾಧ್ಯವಾದರೆ ರಬ್ಬರ್ ಕೊಳವೆ ಜೋಡಿಸಿ ಬಾನೆಟ್‌ನ ಎತ್ತರಕ್ಕೆ ಒಯ್ಯಿರಿ. ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳಿಗೆ (ತುದಿಯ ಕೀಲುಗಳಿಗೆ) ಗ್ರೀಸ್ ನಿಪ್ಪಲ್ ಇದ್ದರೆ ನಾಲ್ಕೂ ಕಪ್‌ಗಳಿಂದ ಹಳೆಯದು ಹೊರಬಂದು ಹೊಸದು ಕಾಣುವವರೆಗೆ ತುಂಬಿಸಿ. ಮುಂದಿನ ಡ್ರೈವ್ ಶಾಫ್ಟ್‌ಗಳ ರಬ್ಬರ್ ಬೂಟು ಹರಿದಿದೆಯೇ ನೋಡಿ. ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಡಾಟ್-3 ದರ್ಜೆಗೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ 140. ಆಗುಂಬೆಯ ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿಯುವವರಿಗೆ ಘಾಟಿಯ ಬುಡದ ಸೋಮೇಶ್ವರ ತಲುಪುವ ಮೊದಲೇ ಆಯಿಲ್ ಕುದ್ದು, ಈ ವ್ಯತ್ಯಾಸ ಮೆತ್ತಗಾದ ಪೆಡಲ್‌ನಲ್ಲಿ ಗೊತ್ತಾಗಬಹುದು.

ಕೊನೆಯದಾಗಿ, ಫೋರ್‌ವೀಲ್ ಲಿವರ್. ವರ್ಷಗಟ್ಟಲೆ ಬಳಸದಿದ್ದರೆ ಅದು ಬಿಗಿದು ಕುಳಿತಿರುತ್ತದೆ. ತಿಂಗಳಿಗೊಮ್ಮೆ ಹಾಕಿ ಒಂದೆರಡು ಕಿಲೋಮೀಟರ್ ಓಡಿಸಿ, ಆದರೆ ತೋಟದ ಮಣ್ಣುದಾರಿಯಲ್ಲಿ ಮಾತ್ರ. ಮಂಗಳೂರಿನ ಕಾಂಕ್ರೀಟ್ ರಸ್ತೆಯಲ್ಲಿ ಹಾಕಿ ತಿರುವು ತೆಗೆದುಕೊಳ್ಳಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಫೋರ್‌ವೀಲ್ ಹಾಕಿದಾಗ ನಿಮ್ಮ ಗಾಡಿಯಲ್ಲಿ ಮುಂದಿನ-ಹಿಂದಿನ ಎರಡೂ ಶಾಫ್ಟ್‌ಗಳು ಒಂದಕ್ಕೊಂದು ಕಟ್ಟಿಹಾಕಿದಂತಿರುತ್ತವೆ, ಕಾಂಕ್ರೀಟಿನಲ್ಲಿ ಟೈರ್ ಜಾರುವುದಿಲ್ಲ. ಆ ತಿರುಚು ಟ್ರಾನ್ಸ್‌ಫರ್ ಕೇಸನ್ನು ಒಡೆಯುತ್ತದೆ.

ಪ್ರಶ್ನೆ: ಫೋರ್‌ವೀಲ್ ಗಾಡಿಗೆ ಮುಂದಿನ ಎರಡು ಟೈರ್ ಮಾತ್ರ ದೊಡ್ಡ ಅಳತೆಯದು ಹಾಕಬಹುದೆ? — ಪುತ್ತೂರು

ಉತ್ತರ: ಕೂಡದು. ಮೇಲಿನ ಉತ್ತರದ ಕೊನೆಯ ಭಾಗ ಓದಿ. ಫೋರ್‌ವೀಲ್ ಹಾಕಿದರೆ ನಿಮಗೆ ನೇರ ರಸ್ತೆಯಲ್ಲೂ ಅದೇ ಗತಿ.

ಪ್ರಶ್ನೆ: ಎಂಜಿನ್ ಹೊಸದಾಗುತ್ತದೆ ಎಂದು ಆಯಿಲ್‌ಗೆ ಬೆರೆಸುವ ಬಾಟಲಿ ಮಾರುತ್ತಾರೆ. — ಬಂಟ್ವಾಳ

ಉತ್ತರ: ಸವೆದ ಕಬ್ಬಿಣ ಬಾಟಲಿಯಿಂದ ಬೆಳೆಯುವುದಿಲ್ಲ. ಆ ಹಣಕ್ಕೆ ಹೊಸ ಏರ್ ಫಿಲ್ಟರ್ ಬರುತ್ತದೆ.

ಪ್ರಶ್ನೆ: ಹಳೆಯ ಜಿಪ್ಸಿ ಕೊಂಡೆ, ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ಗೊತ್ತಿಲ್ಲ. — ಬ್ರಹ್ಮಾವರ

ಉತ್ತರ: ಗೊತ್ತಿಲ್ಲದಿದ್ದರೆ ಈ ವಾರವೇ ಬದಲಿಸಿ.

ಪ್ರಶ್ನೆ: ತುಕ್ಕು ಹಿಡಿಯದಂತೆ ಚಾಸಿಗೆ (ಗಾಡಿಯ ಅಡಿಯ ಚೌಕಟ್ಟಿಗೆ) ಸುಟ್ಟ ಎಂಜಿನ್ ಆಯಿಲ್ ಅಥವಾ ದೋಣಿಗೆ ಬಳಿಯುವ ಗೇರೆಣ್ಣೆ ಬಳಿಯಲು ಹೇಳುತ್ತಾರೆ. — ಸುರತ್ಕಲ್

ಉತ್ತರ: ಗೇರೆಣ್ಣೆ ದೋಣಿಯ ಮರಕ್ಕೆ ಒಳ್ಳೆಯದು, ನಿಮ್ಮ ಚಾಸಿ ಮರದ್ದಲ್ಲ. ಸುಟ್ಟ ಆಯಿಲ್ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಮಳೆಗೆ ತೊಳೆದು ನಿಮ್ಮದೇ ಬಾವಿಯ ಕಡೆಗೆ ಹರಿಯುತ್ತದೆ. ತುಕ್ಕಿನ ಮೇಲೆಯೇ ದಪ್ಪ ಕಪ್ಪು ಕೋಟಿಂಗ್ ಹೊಡೆಯುವ ಅಂಗಡಿಗಳು ಇನ್ನೂ ಅಪಾಯಕಾರಿ: ಒಳಗೆ ತೇವ ಸಿಕ್ಕಿಕೊಂಡು ಚಾಸಿ ಕಣ್ಣಿಗೆ ಕಾಣದೆ ಕೊಳೆಯುತ್ತದೆ. ಈಚೆಗೆ ಕೋಟಿಂಗ್ ಹೊಡೆಸಿದ ಗಾಡಿಯಾದರೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ; ಗಟ್ಟಿ ಕಬ್ಬಿಣದ ನಾದ ಬಾರದ ಕಡೆ ಕೆರೆಸಿ. ತುಕ್ಕನ್ನು ಪೂರ್ತಿ ಕೆರೆದು, ಒಣಗಿಸಿ, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳ ಹಿಂದೆ ಓಡುವವರು ಅವು ಸುರಿಸುವ ಉಪ್ಪುನೀರನ್ನೆಲ್ಲ ಅಡಿಗೆ ಹೊಡೆಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಸಿಹಿನೀರಿನಿಂದ ಗಾಡಿಯ ಅಡಿ ತೊಳೆಯಿರಿ. ಚಾಸಿಯ ನೀರಿಳಿಯುವ ತೂತುಗಳಲ್ಲಿ ತುಂಬಿಕೊಂಡ ಕೆಂಪು ಮಣ್ಣನ್ನು ತಂತಿ ಹಾಕಿ ಕೆದಕಿ, ಒಳಗಿನ ನೀರು ಪೂರ್ತಿ ಇಳಿಯುವವರೆಗೆ ಇಳಿಜಾರಿನಲ್ಲಿ ನಿಲ್ಲಿಸಿ.