ಸೇಲ್ಸ್‌ನೋರ ಕಾಲ್ ರೆಕಾರ್ಡ್ ಮಾಡ್ಕೋಬೋದಾ?

ಮಾಡ್ಕೋಬೋದು. ಸೈಟು, ಲೋನು ಅಂತ ಫೋನ್ ಮಾಡೋರ ಮಾತನ್ನ ಅವರಿಗೆ ಹೇಳ್ದೆ ರೆಕಾರ್ಡ್ ಮಾಡಿದ್ರೆ ಕೇಸ್ ಆಗುತ್ತಾ ಅಂತ ಕೇಳಿದೀರಲ್ಲ, ನೀವೇ ಮಾತಾಡ್ತಿರೋ ಕಾಲನ್ನ ನೀವೇ ರೆಕಾರ್ಡ್ ಮಾಡ್ಕೊಂಡ್ರೆ ಅಪರಾಧ ಅನ್ನೋ ಕಾನೂನು ನಮ್ಮಲ್ಲಿಲ್ಲ, ಆದ್ರೆ ಬೇರೆ ಇಬ್ರು ಮಾತಾಡೋದನ್ನ ಕದ್ದು ಕೇಳಿದ್ರೆ ಅದು ತಪ್ಪೇ. ಒಬ್ರ ಒಪ್ಪಿಗೆ ಇದ್ದ ಫೋನ್ ಟೇಪನ್ನ 1972ರ ಮಲ್ಕಾನಿ ಕೇಸಲ್ಲೇ ಸುಪ್ರೀಂ ಕೋರ್ಟ್ ಸಾಕ್ಷಿ ಅಂತ ಒಪ್ಕೊಂಡಿದೆ.

ನಂಗೂ ಒಂದ್ಸಲ ಮೈಸೂರು ಹತ್ರ ಇಲವಾಲ ಕಡೆ ಸೈಟಿದೆ, "ಮುಡಾ ಅಪ್ರೂವ್ಡ್ ಸಾರ್, ಅಡ್ವಾನ್ಸ್ ಯಾವಾಗ ಬೇಕಾದ್ರೂ ವಾಪಸ್" ಅಂದಿದ್ರು, ಆಮೇಲೆ ಕೇಳಿದ್ರೆ ಹಂಗೆ ಹೇಳೇ ಇಲ್ಲ ಅಂತ ಉಲ್ಟಾ ಹೊಡೆದ್ರು, ರೆಕಾರ್ಡಿಂಗ್ ಕೇಳಿಸಿದ್ಮೇಲೆ ತೆಪ್ಪಗೆ ಬಂತು ದುಡ್ಡು.

ಕ್ಲಿಪ್ಪನ್ನ ಮಾತ್ರ ಕಟ್ ಗಿಟ್ ಮಾಡ್ಬೇಡಿ, ಒರಿಜಿನಲ್ ಫೋನಲ್ಲೇ ಇರ್ಲಿ, ಕೋರ್ಟಿಗೆ ಕಾಪಿ ಕೊಡೋದಾದ್ರೆ ಹೊಸ ಸಾಕ್ಷ್ಯ ಅಧಿನಿಯಮದ (ಸಾಕ್ಷಿ ಕಾನೂನಿನ) 63ನೇ ಸೆಕ್ಷನ್ ಸರ್ಟಿಫಿಕೇಟ್, ಅಂದ್ರೆ ಆ ಕಾಪಿ ಎಲ್ಲಿಂದ ಹೆಂಗೆ ತೆಗೆದಿದ್ದು ಅಂತ ಬರ್ಕೊಡೋ ಪತ್ರ, ಬೇಕಾಗುತ್ತೆ. ಸ್ಟೇಟಸ್ಸಿಗೆ ಹಾಕಿ ಮರ್ಯಾದೆ ತೆಗೀತೀನಿ ಅಂತ ಹೊರಟ್ರೆ ಮಾನನಷ್ಟ ಕೇಸು ನಿಮ್ ಮೇಲೇ ಬೀಳ್ಬೋದು. ಗೂಗಲ್ ಫೋನ್ ಆಪ್ ಆದ್ರೆ ರೆಕಾರ್ಡ್ ಆಗ್ತಿದೆ ಅಂತ ಅದೇ ಇಬ್ರಿಗೂ ಕೇಳೋ ಹಂಗೆ ಹೇಳ್ಬಿಡುತ್ತೆ, ಅಷ್ಟಕ್ಕೇ ಎಷ್ಟೋ ಜನ ಫೋನ್ ಇಟ್ಬಿಡ್ತಾರೆ. ಕಾಲೇ ಬೇಡ ಅಂದ್ರೆ 1909ಕ್ಕೆ ಫೋನ್ ಮಾಡಿ ಡಿಎನ್‌ಡಿ, ಅಂದ್ರೆ ಸೇಲ್ಸ್ ಕಾಲ್ ಬರದಂಗೆ ತಡೆಯೋ ಸೌಲಭ್ಯ, ಹಾಕ್ಸಿ.